ಮಾಲಿಗೆ ಅಳತೆ, ಮನುಷ್ಯನಿಗೆ ವಿಶೇಷಣ

ಸೋಯಾಬೀನ್ ಹಂಗಾಮಿನಲ್ಲಿ ಬಸವಕಲ್ಯಾಣದ ಅಥವಾ ಹುಮನಾಬಾದಿನ ಮಾರುಕಟ್ಟೆ ಪ್ರಾಂಗಣಕ್ಕೆ ಹೋದವರು ಒಂದು ದೃಶ್ಯವನ್ನು ತಪ್ಪದೆ ಕಾಣುತ್ತಾರೆ. ರೈತನು ತನ್ನ ಮಾಲು ಚೆನ್ನಾಗಿ ಒಣಗಿದೆ ಎನ್ನುತ್ತಾನೆ. ಅಡತ್ ಅಂಗಡಿಯವರು ಆ ಮಾತನ್ನು ಅಲ್ಲಗಳೆಯುವುದಿಲ್ಲ, ಆದರೆ ಅದರ ಮೇಲೆ ದರವನ್ನೂ ಕಟ್ಟುವುದಿಲ್ಲ. ಹಿಡಿ ಕಾಳನ್ನು ತೇವಾಂಶ ಮಾಪಕಕ್ಕೆ ಹಾಕಿ ಅಂಕಿ ನೋಡುತ್ತಾರೆ. ಬೆಂಬಲ ಬೆಲೆಯ ಖರೀದಿಯಲ್ಲಿ ಸೋಯಾಬೀನಿಗೆ ಶೇ. 12ರ ತೇವಾಂಶ ಮಿತಿಯಿತ್ತು. 2024ರ ಮುಂಗಾರು ಹಂಗಾಮಿನಲ್ಲಿ ಕೇಂದ್ರ ಸರಕಾರವು ಅದನ್ನು ಶೇ. 15ಕ್ಕೆ ಸಡಿಲಿಸಿತು. 'ಒಣ' ಎಂಬ ವಿಶೇಷಣಕ್ಕೆ ವ್ಯಾಪಾರದಲ್ಲಿ ಅರ್ಥ ಬರುವುದು ಇಂತಹ ಅಂಕಿಯಿಂದಲೇ ಎಂಬುದನ್ನು ಯಾವ ವ್ಯಾಪಾರಸ್ಥರಿಗೂ ಹೇಳಿಕೊಡಬೇಕಾಗಿಲ್ಲ.

ಆದರೆ ಅದೇ ವ್ಯಾಪಾರಸ್ಥರು ಸಂಜೆ ಗದ್ದುಗೆಗೆ ಮರಳಿ ತಮ್ಮ ಗುಮಾಸ್ತನ ಬಗ್ಗೆ ಮಾತನಾಡುವಾಗ ಮಾಪಕವನ್ನು ಪಕ್ಕಕ್ಕಿಡುತ್ತಾರೆ. 'ಹುಡುಗ ಡಲ್', 'ಮ್ಯಾನೇಜರ್ ಸ್ಟ್ರಿಕ್ಟ್', 'ಡ್ರೈವರ್ ಕೇರ್‌ಲೆಸ್', 'ಆಪರೇಟರ್ ಸಿನ್ಸಿಯರ್' ಎಂಬ ಒಂದೊಂದು ಇಂಗ್ಲಿಷ್ ಪದದಲ್ಲಿ ಮನುಷ್ಯನ ಬೆಲೆ ನಿರ್ಧಾರವಾಗುತ್ತದೆ. ಸಂಬಳದ ಏರಿಕೆ, ಜವಾಬ್ದಾರಿ, ಕೆಲವೊಮ್ಮೆ ಕೆಲಸದ ಅಳಿವು ಉಳಿವು ಕೂಡ ಆ ಒಂದು ಪದದ ಮೇಲೆ ನಿಲ್ಲುತ್ತವೆ. ಕಾಳಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವವರು ಕೆಲಸಗಾರನ ವಿಷಯದಲ್ಲಿ ಏಕೆ ವಹಿಸುವುದಿಲ್ಲ ಎಂಬುದು ಈ ಲೇಖನದ ಪ್ರಶ್ನೆ. ಇದಕ್ಕೆ ಸ್ವಭಾವ ಒಂದು ಕಾರಣವಾದರೆ, ಭಾಷೆಗಳ ವ್ಯಾಕರಣ ಮತ್ತೊಂದು ಕಾರಣ. ಎರಡನೆಯದರ ಕಡೆಗೆ ಉದ್ಯಮ ವಲಯದ ಗಮನ ಈವರೆಗೆ ಹೋದದ್ದು ಕಡಿಮೆ.

ಮೂರು ರಾಜ್ಯಗಳ ಸಂಧಿಯಲ್ಲಿ

ಹುಮನಾಬಾದ್ ಮತ್ತು ಬಸವಕಲ್ಯಾಣಗಳು ಒಂದೇ ಭಾಷೆಯ ಊರುಗಳಾಗಿ ಎಂದೂ ಇರಲಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಇವು ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದುವಾಗಿತ್ತು. 1956ರಲ್ಲಿ ಹೈದರಾಬಾದ್ ರಾಜ್ಯವು ವಿಭಜನೆಯಾದಾಗ ಹಳೆಯ ಬೀದರ ಜಿಲ್ಲೆಯೂ ಹಂಚಿಹೋಯಿತು. ಉದಗೀರ, ನಿಲಂಗಾ ಭಾಗಗಳು ಮರಾಠಿ ಸೀಮೆಗೆ ಸೇರಿದವು, ಜಹೀರಾಬಾದ್, ನಾರಾಯಣಖೇಡ ಭಾಗಗಳು ತೆಲುಗು ಸೀಮೆಗೆ ಸೇರಿದವು. ಗಡಿ ಸರಿಯಿತು, ಆದರೆ ಗಿರಾಕಿಗಳು ಮತ್ತು ಬಂಧುಗಳು ಹಾಗೆಯೇ ಉಳಿದರು. ಪುಣೆ, ಸೊಲ್ಲಾಪುರ, ಹೈದರಾಬಾದುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 65 ಈ ಭಾಗದ ಮೂಲಕವೇ ಹಾದುಹೋಗುತ್ತದೆ. 2017ರ ಅಕ್ಟೋಬರ್ 29ರಂದು ಬೀದರ-ಕಲಬುರಗಿ ರೈಲು ಮಾರ್ಗವು ಉದ್ಘಾಟನೆಯಾದ ಮೇಲೆ ಹುಮನಾಬಾದಿಗೆ ರೈಲೂ ಬಂದಿತು.

ಇದರ ಫಲವಾಗಿ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಮಾಲೀಕರು ತೆಲುಗಿನವರು, ಲೆಕ್ಕಪತ್ರದವರು ಕನ್ನಡಿಗರು, ಮೇಲ್ವಿಚಾರಕರು ಮರಾಠಿಯವರು, ಯಂತ್ರದ ಮುಂದೆ ನಿಂತವರಲ್ಲಿ ಕನ್ನಡ, ಉರ್ದು, ಲಂಬಾಣಿ ಮಾತನಾಡುವವರು ಒಟ್ಟಿಗಿರುವುದು ಅಪರೂಪವಲ್ಲ. ಬಾಯಿಮಾತಿಗೆ ದಕ್ಖನಿ ಹಿಂದಿಯೋ ಕನ್ನಡವೋ ಸಾಕಾಗುತ್ತದೆ. ಕಾಗದಕ್ಕೆ ಮಾತ್ರ ಇಂಗ್ಲಿಷು. ಮೆಮೊ, ಕಾರಣ ಕೇಳುವ ನೋಟಿಸು, ವಾರ್ಷಿಕ ಮೌಲ್ಯಮಾಪನ, ಅನುಭವ ಪ್ರಮಾಣಪತ್ರ ಇವೆಲ್ಲವೂ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತವೆ. ಬರೆದವರಿಗೂ ಅದು ಮಾತೃಭಾಷೆಯಲ್ಲ, ಓದಿಸಿಕೊಂಡವರಿಗೂ ಅಲ್ಲ. ಹೀಗೆ ಇಬ್ಬರಿಗೂ ಪರಕೀಯವಾದ ಭಾಷೆಯಲ್ಲಿ ಅತ್ಯಂತ ಅಪಾಯಕರವಾದ ಪದವರ್ಗ ಯಾವುದೆಂದರೆ ವಿಶೇಷಣ.

ಗುಣವು ವ್ಯಕ್ತಿಯಾಗುವ ಬಗೆ

ಇಂಗ್ಲಿಷಿನ ವಿಶೇಷಣವು ಲಿಂಗ, ವಚನಗಳಿಗೆ ಅನುಗುಣವಾಗಿ ರೂಪ ಬದಲಿಸುವುದಿಲ್ಲ. ಗಂಡಸಿಗೂ ಹೆಂಗಸಿಗೂ, ಒಬ್ಬನಿಗೂ ಹತ್ತು ಜನರಿಗೂ 'ಗುಡ್' ಎಂಬುದು 'ಗುಡ್' ಆಗಿಯೇ ಇರುತ್ತದೆ. ಕನ್ನಡದಲ್ಲಿಯೂ ನಾಮಪದದ ಹಿಂದೆ ಬಂದಾಗ ಹೀಗೆಯೇ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಕೆಲಸಗಾರರು ಎನ್ನುವಲ್ಲಿ 'ಒಳ್ಳೆಯ' ಎಂಬುದು ಕದಲುವುದಿಲ್ಲ. ಮರಾಠಿ ಮತ್ತು ಉರ್ದುವಿನಲ್ಲಿ ಅದು ಬದಲಾಗುತ್ತದೆ. ಮರಾಠಿಯವರು ಚಾಂಗಲಾ, ಚಾಂಗಲೀ, ಚಾಂಗಲೇ ಎಂದರೆ ಉರ್ದುವಿನವರು ಅಚ್ಛಾ, ಅಚ್ಛೀ, ಅಚ್ಛೇ ಎನ್ನುತ್ತಾರೆ. ಹಿರಿಯರನ್ನು ಗೌರವದಿಂದ ಸಂಬೋಧಿಸುವಾಗ ಉರ್ದುವಿನಲ್ಲಿ ಬಹುವಚನದ 'ಅಚ್ಛೇ' ಬರುತ್ತದೆ. ಅಂದರೆ ಮರ್ಯಾದೆಯು ವಿಶೇಷಣದ ಒಳಗೇ ಪ್ರವೇಶಿಸುತ್ತದೆ.

ಕನ್ನಡದ ವಿಶೇಷತೆ ವಾಕ್ಯದ ಕೊನೆಯಲ್ಲಿ ಕಾಣುತ್ತದೆ. ಇಂಗ್ಲಿಷಿನಲ್ಲಿ 'ಹೀ ಈಸ್ ಗುಡ್' ಎಂದು ಬರಿಯ ಗುಣವನ್ನು ಹೇಳಿ ವಾಕ್ಯವನ್ನು ಮುಗಿಸಬಹುದು. ಕನ್ನಡದಲ್ಲಿ 'ಅವನು ಒಳ್ಳೆಯ' ಎಂದು ನಿಲ್ಲಿಸಲಾಗದು. 'ಒಳ್ಳೆಯವನು' ಎನ್ನಬೇಕು, ಅಥವಾ ಗೌರವವಿದ್ದರೆ 'ಒಳ್ಳೆಯವರು' ಎನ್ನಬೇಕು. ತೆಲುಗಿನ 'ಮಂಚಿವಾಡು', 'ಮಂಚಿವಾರು' ಎಂಬುವೂ ಇದೇ ಜಾಡಿನವು. ಇಲ್ಲಿ ಎರಡು ಸಂಗತಿಗಳು ನಡೆಯುತ್ತವೆ. ಗುಣವನ್ನು ಹೇಳುವ ಪದವು ಮನುಷ್ಯನನ್ನೇ ಹೇಳುವ ಪದವಾಗುತ್ತದೆ. ಜೊತೆಗೆ ಏಕವಚನವೋ ಬಹುವಚನವೋ ಎಂಬುದನ್ನು ಹೇಳುವವನು ಆ ಕ್ಷಣದಲ್ಲಿಯೇ ಆರಿಸಬೇಕಾಗುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಮರ್ಯಾದೆಯನ್ನು ಇಡಲು ಅಂತಹ ಸ್ಥಳವೇ ಇಲ್ಲ.

ಇದರ ಪರಿಣಾಮವನ್ನು ತಿಳಿಯಲು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಹತ್ತು ವರ್ಷ ಕೆಲಸ ಮಾಡಿದ ಯಂತ್ರಚಾಲಕನೊಬ್ಬನು ಒಂದು ತಿಂಗಳಲ್ಲಿ ನಾಲ್ಕು ದಿನ ತಡವಾಗಿ ಬಂದನು, ಒಮ್ಮೆ ಮೋಟಾರು ಬಂದ್ ಮಾಡುವುದನ್ನು ಮರೆತನು. ಹೊಸದಾಗಿ ಬಂದ ಮ್ಯಾನೇಜರರು ಆತನಿಗೆ 'ಯು ಆರ್ ಕೇರ್‌ಲೆಸ್ ಅಂಡ್ ಇರ್ರೆಸ್ಪಾನ್ಸಿಬಲ್' ಎಂದು ಮೆಮೊ ಕೊಟ್ಟರು. ಅವರ ಉದ್ದೇಶ ಆ ತಿಂಗಳ ನಡತೆಯನ್ನು ಎಚ್ಚರಿಸುವುದಷ್ಟೇ ಆಗಿತ್ತು. ಗುಮಾಸ್ತನು ಅದನ್ನು ಕನ್ನಡದಲ್ಲಿ ಓದಿ ಹೇಳಿದನು: 'ನೀನು ಬೇಜವಾಬ್ದಾರಿ ಮನುಷ್ಯ ಅಂತ ಬರದಾರ.' ತಪ್ಪು ಅನುವಾದವೆಂದು ಗುಮಾಸ್ತನನ್ನು ದೂರುವಂತಿಲ್ಲ. ಆದರೆ ಒಂದು ತಿಂಗಳ ಐದು ತಪ್ಪುಗಳು ಹತ್ತು ವರ್ಷದ ಮನುಷ್ಯನಿಗೆ ಅಂಟಿಕೊಂಡವು. 'ನೀವು' ಎಂದು ಕರೆಸಿಕೊಳ್ಳುತ್ತಿದ್ದವನು ಎಲ್ಲರೆದುರು 'ನೀನು' ಆದನು. ಆತ ವಾದಿಸಲಿಲ್ಲ, ಮುಂದಿನ ತಿಂಗಳು ಪುಣೆಯ ಬಸ್ಸು ಹತ್ತಿದನು. ಆ ಯಂತ್ರದ ಗುಟ್ಟು ತಿಳಿದ ಮತ್ತೊಬ್ಬನನ್ನು ತಯಾರಿಸಲು ಸಣ್ಣ ಘಟಕಕ್ಕೆ ಎಷ್ಟು ಕಾಲ, ಎಷ್ಟು ಹಾಳಾದ ಮಾಲು ಬೇಕಾಗುತ್ತದೆ ಎಂಬುದನ್ನು ಉದ್ಯಮಿಗಳೇ ಬಲ್ಲರು. ಆ ನಷ್ಟವು ಲಾಭ-ನಷ್ಟದ ಪಟ್ಟಿಯಲ್ಲಿ ಯಾವ ಶೀರ್ಷಿಕೆಯಡಿಯೂ ಕಾಣಿಸುವುದಿಲ್ಲ.

ದೋಷವು ಎಲ್ಲಿದೆ?

ಇಂಗ್ಲಿಷ್ ವ್ಯಾಕರಣವು ಇನ್ನೊಂದು ಉಪಯುಕ್ತ ಭೇದವನ್ನು ಮಾಡುತ್ತದೆ. ಅದನ್ನು ಶಾಲೆಯಲ್ಲಿ ಕಲಿತು ಅಂಗಡಿಯಲ್ಲಿ ಮರೆಯುವವರೇ ಹೆಚ್ಚು. 'ಕನ್‌ಫ್ಯೂಸಿಂಗ್' ಎಂಬ ವಿಶೇಷಣವು ಗೊಂದಲವನ್ನು ಉಂಟುಮಾಡುವ ವಸ್ತುವಿಗೆ ಸಲ್ಲುತ್ತದೆ, 'ಕನ್‌ಫ್ಯೂಸ್ಡ್' ಎಂಬುದು ಗೊಂದಲಕ್ಕೆ ಒಳಗಾದವನಿಗೆ ಸಲ್ಲುತ್ತದೆ. ಬೇಸರ ತರಿಸುವುದು 'ಬೋರಿಂಗ್', ಬೇಸರಗೊಂಡವನು 'ಬೋರ್ಡ್'. ಕಾರಣಕ್ಕೆ ಒಂದು ರೂಪ, ಪರಿಣಾಮಕ್ಕೆ ಒಂದು ರೂಪ. ಕನ್ನಡದಲ್ಲಿ 'ಗೊಂದಲದ ಸೂಚನೆ', 'ಗೊಂದಲದ ಮನುಷ್ಯ' ಎಂದು ಎರಡಕ್ಕೂ ಒಂದೇ ಮಾತು ಬರುತ್ತದೆ.

ಈ ಭೇದವು ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ. ಉಗ್ರಾಣದಲ್ಲಿ ತಪ್ಪು ಮಾಲು ರವಾನೆಯಾದಾಗ 'ಸ್ಟೋರ್ ಕೀಪರ್ ಕನ್‌ಫ್ಯೂಸ್ಡ್' ಎಂದು ಬರೆಯುವ ಮೊದಲು, ಆತನಿಗೆ ಕೊಟ್ಟ ಆದೇಶವೇ 'ಕನ್‌ಫ್ಯೂಸಿಂಗ್' ಆಗಿತ್ತೇ ಎಂದು ಕೇಳಬೇಕು. ಒಂದೇ ಪ್ಯಾಕಿಂಗಿಗೆ ಎರಡು ಹೆಸರು, ಹಳೆಯ ದರಪಟ್ಟಿ, ಫೋನಿನಲ್ಲಿ ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ ಹೇಳಿದ ಬದಲಾವಣೆ ಇವು ಹೊರಬಂದರೆ ದೋಷವು ವ್ಯಕ್ತಿಯಿಂದ ವ್ಯವಸ್ಥೆಗೆ ಸರಿಯುತ್ತದೆ. ವ್ಯವಸ್ಥೆಯನ್ನು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದು, ಬೈಸಿಕೊಂಡವನ ಮನಸ್ಸನ್ನು ಅಷ್ಟು ಬೇಗ ಸರಿಪಡಿಸಲಾಗದು.

ಪದದ ಸ್ಥಾನವೂ ಅರ್ಥವನ್ನು ಬದಲಿಸುತ್ತದೆ. 'ದಿ ರೆಸ್ಪಾನ್ಸಿಬಲ್ ಆಫೀಸರ್' ಎಂದರೆ ಜವಾಬ್ದಾರಿಯುಳ್ಳ ಅಧಿಕಾರಿ. 'ದಿ ಆಫೀಸರ್ ರೆಸ್ಪಾನ್ಸಿಬಲ್' ಎಂದರೆ ಆದದ್ದಕ್ಕೆ ಹೊಣೆಯಾದ ಅಧಿಕಾರಿ. ಮೊದಲನೆಯದು ಪ್ರಶಂಸೆ, ಎರಡನೆಯದು ಆರೋಪವೂ ಆಗಬಹುದು. 'ಮಿಸ್ಟರ್ ಪಾಟೀಲ್ ಈಸ್ ಲೇಟ್' ಎಂದರೆ ಪಾಟೀಲರು ತಡವಾಗಿ ಬಂದಿದ್ದಾರೆ, 'ದಿ ಲೇಟ್ ಮಿಸ್ಟರ್ ಪಾಟೀಲ್' ಎಂದರೆ ಅವರು ಇನ್ನು ಬರುವುದೇ ಇಲ್ಲ. ಲಗ್ನಪತ್ರಿಕೆಗಳಲ್ಲಿ 'ಲೇಟ್' ಎಂಬ ಪದದ ಈ ಅರ್ಥವನ್ನು ಎಲ್ಲರೂ ಬಲ್ಲರು. ಹಾಜರಿ ಪುಸ್ತಕದಲ್ಲಿ 'ಲೇಟ್ ವರ್ಕರ್ಸ್' ಎಂದು ಶೀರ್ಷಿಕೆ ಬರೆಯುವವರಿಗೆ ಮಾತ್ರ ಅದು ನೆನಪಾಗುವುದಿಲ್ಲ.

ಸರಕಿನ ಆದೇಶದಲ್ಲಿ ಇಂತಹ ಅಜಾಗರೂಕತೆಗೆ ಹಣವೇ ಬೆಲೆ. 'ಟೆನ್ ಟನ್ ಟ್ರಕ್ಸ್' ಎಂದು ನಡುವೆ ಗೆರೆಯಿಲ್ಲದೆ ಬರೆದರೆ ಹತ್ತು ಲಾರಿಗಳೋ, ಹತ್ತು ಟನ್ನು ಹೊರುವ ಲಾರಿಗಳೋ ಎಂಬ ಸಂದೇಹ ಉಳಿಯುತ್ತದೆ. ಕನ್ನಡದಲ್ಲಿ 'ಹತ್ತು ಟನ್ನಿನ ಲಾರಿಗಳು' ಎಂದು ಷಷ್ಠಿ ವಿಭಕ್ತಿಯೊಂದನ್ನು ಸೇರಿಸಿದರೆ ಸಂದೇಹ ಹೋಗುತ್ತದೆ. ಕನ್ನಡವು ಇಂಗ್ಲಿಷಿಗಿಂತ ಸ್ಪಷ್ಟವಾಗಿರುವ ಕಡೆಗಳೂ ಉಂಟೆಂಬುದನ್ನು ಉದ್ಯಮಿಗಳು ನೆನಪಿಡಬೇಕು.

ಒಂದೇ ಪದಕ್ಕೆ ಎರಡು ಬೆಲೆ

ಇಂಗ್ಲಿಷ್ ವಿಶೇಷಣಗಳು ಈ ನೆಲಕ್ಕೆ ಬಂದು ಹೊಸ ಅರ್ಥ ಪಡೆದಿವೆ. 'ಲೋಕಲ್' ಎಂದರೆ ಇಂಗ್ಲಿಷಿನಲ್ಲಿ ಸ್ಥಳೀಯ ಎಂದಷ್ಟೇ ಅರ್ಥ. ಇಲ್ಲಿನ ಪೇಟೆಯಲ್ಲಿ 'ಲೋಕಲ್ ಮಾಲು' ಎಂದರೆ ಕಳಪೆ ಮಾಲು. ಹೊರಗಿನಿಂದ ಬಂದ ಮ್ಯಾನೇಜರರು 'ಲೋಕಲ್ ಬಾಯ್ಸ್' ಎಂದು ನಿರುದ್ದೇಶವಾಗಿ ಬರೆದರೂ ಓದುವವರಿಗೆ ಅದು ಬೇರೆಯಾಗಿ ಕೇಳಿಸುತ್ತದೆ. 'ಸ್ಮಾರ್ಟ್' ಎಂಬುದು ಹೊಗಳಿಕೆ, ಅದರ ಹಿಂದೆ 'ಓವರ್' ಸೇರಿದರೆ ಬೈಗುಳ. 'ಅಗ್ರೆಸಿವ್' ಎಂಬ ಪದವು ಅಮೆರಿಕದ ಮಾರಾಟ ವಿಭಾಗದಲ್ಲಿ ಸದ್ಗುಣ. ಅದನ್ನೇ ಕನ್ನಡಕ್ಕೆ ತಂದು ಹುಡುಗನನ್ನು ಆಕ್ರಮಣಕಾರಿ ಎಂದರೆ ಆತನ ತಂದೆ ಕೇಳಲು ಬರುತ್ತಾರೆ. ಪರದೇಶದ ಗಿರಾಕಿಗೆ 'ಅವರ್ ಗೂಡ್ಸ್ ಆರ್ ಚೀಪ್' ಎಂದು ಬರೆಯುವ ತಯಾರಕರು ಬೆಲೆ ಕಡಿಮೆ ಎಂದು ಹೇಳಲು ಹೋಗಿ ಗುಣವೇ ಕಡಿಮೆ ಎಂದು ಒಪ್ಪಿಕೊಂಡಂತಾಗುತ್ತದೆ.

ಲೆಕ್ಕಪರಿಶೋಧಕರ ವೃತ್ತಿಯೂ ಇದಕ್ಕೆ ಹೊರತಲ್ಲ. 'ಕ್ವಾಲಿಫೈಡ್ ಎಂಜಿನಿಯರ್' ಎಂದರೆ ಅರ್ಹತೆಯುಳ್ಳ ಎಂಜಿನಿಯರ್. ಆದರೆ 'ಕ್ವಾಲಿಫೈಡ್ ಆಡಿಟ್ ರಿಪೋರ್ಟ್' ಎಂದರೆ ಆಕ್ಷೇಪವನ್ನೊಳಗೊಂಡ ವರದಿ. 'ಅನ್‌ಕ್ವಾಲಿಫೈಡ್' ವರದಿಯೇ ಶುದ್ಧವಾದುದು. ಮೊದಲ ಬಾರಿಗೆ ಕಂಪನಿ ಸ್ಥಾಪಿಸಿದ ಉದ್ಯಮಿಗಳು ಈ ಪದವನ್ನು ಕಂಡು ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುವುದು ಸಹಜ. ಕಂಪನಿಯ ಲೆಕ್ಕಪತ್ರಗಳು 'ಟ್ರೂ ಅಂಡ್ ಫೇರ್' ಚಿತ್ರವನ್ನು ನೀಡಬೇಕೆಂದು 2013ರ ಕಂಪನಿ ಕಾಯಿದೆಯು ಹೇಳುತ್ತದೆ. ಇವೂ ಎರಡು ವಿಶೇಷಣಗಳೇ. ಆದರೆ ಅವುಗಳ ಹಿಂದೆ ಲೆಕ್ಕಪತ್ರ ಮಾನದಂಡಗಳಿವೆ, ವೋಚರುಗಳಿವೆ, ದಾಸ್ತಾನಿನ ಎಣಿಕೆಯಿದೆ. ಆಧಾರವಿಲ್ಲದ ವಿಶೇಷಣಕ್ಕೆ ಯಾವ ಲೆಕ್ಕಪರಿಶೋಧಕರೂ ಸಹಿ ಹಾಕುವುದಿಲ್ಲ.

ದೇಶದಿಂದ ದೇಶಕ್ಕೆ ವಿಶೇಷಣದ ತೂಕ ಬದಲಾಗುತ್ತದೆ ಎಂಬುದನ್ನು ವಿದ್ವಾಂಸರೂ ಗುರುತಿಸಿದ್ದಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅವರು 1976ರ ತಮ್ಮ ಗ್ರಂಥದಲ್ಲಿ, ಕೆಲವು ಸಮಾಜಗಳಲ್ಲಿ ಅರ್ಥವೆಲ್ಲವೂ ಪದಗಳಲ್ಲಿಯೇ ಇರುತ್ತದೆ, ಬೇರೆ ಕೆಲವು ಸಮಾಜಗಳಲ್ಲಿ ಸಂಬಂಧ, ಸಂದರ್ಭ, ಮೌನಗಳಲ್ಲಿ ಇರುತ್ತದೆ ಎಂದು ವಿವರಿಸಿದರು. ಬ್ರಿಟಿಷರು 'ಕ್ವೈಟ್ ಗುಡ್' ಎಂದರೆ ಅನೇಕ ವೇಳೆ ಸಾಧಾರಣ ಎಂದೇ ಅರ್ಥ, ಅಮೆರಿಕದವರು ಅದೇ ಮಾತನ್ನು ನಿಜವಾದ ಮೆಚ್ಚುಗೆಯಾಗಿ ಬಳಸುತ್ತಾರೆ. ಹುಮನಾಬಾದಿನ ತಯಾರಕರು ತಮ್ಮ ಮಾದರಿಗೆ ಲಂಡನ್ನಿನಿಂದ 'ಕ್ವೈಟ್ ಗುಡ್' ಎಂಬ ಉತ್ತರ ಬಂದಾಗ ಪೇಢೆ ಹಂಚುವ ಮೊದಲು, ಯಾವ ಅಂಶವನ್ನು ಎಷ್ಟು ಸುಧಾರಿಸಬೇಕೆಂದು ಮರಳಿ ಕೇಳುವುದು ಒಳಿತು.

ಸಾಗರದಾಚೆಗೆ ಹೋಗುವ ಅವಶ್ಯಕತೆಯೂ ಇಲ್ಲ. ಈ ಭಾಗದ ಹಿರಿಯ ವ್ಯಾಪಾರಸ್ಥರು ಕೆಲಸಗಾರನ ತಪ್ಪನ್ನು ನೇರವಾಗಿ ಹೇಳದೆ, ಚಹಾ ಕುಡಿಸಿ, ಆತನ ಅಣ್ಣನ ಮೂಲಕವೋ ಊರಿನ ಹಿರಿಯರ ಮೂಲಕವೋ ತಲುಪಿಸುವ ರೂಢಿಯನ್ನು ಬಲ್ಲರು. ದೊಡ್ಡ ಕಂಪನಿಯಲ್ಲಿ ತರಬೇತಾಗಿ ಬಂದ ಮ್ಯಾನೇಜರರಿಗೆ ಅದೇ ಮಾತನ್ನು ಲಿಖಿತವಾಗಿ ಹೇಳುವುದು ಶಿಸ್ತಾಗಿ ಕಾಣುತ್ತದೆ. ಎರಡೂ ಪದ್ಧತಿಗಳಿಗೆ ಅವುಗಳದೇ ನ್ಯಾಯವಿದೆ. ಬಾಯಿಮಾತಿಗೆ ಬೆಳೆದ ಮನುಷ್ಯನ ಕೈಗೆ ಏಕಾಏಕಿ ವಿಶೇಷಣಗಳಿಂದ ತುಂಬಿದ ಕಾಗದ ಬಂದಾಗಲೇ ತೊಂದರೆ.

'ಗುಡ್' ಎಂಬುದೇ ಪ್ರತಿಕೂಲವಾದ ಪ್ರಕರಣ

ವಿಶೇಷಣವೊಂದು ಮನುಷ್ಯನ ಭವಿಷ್ಯವನ್ನು ಹೇಗೆ ತಡೆಯಬಲ್ಲದೆಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು ಸಾಕ್ಷಿ. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿದ್ದ ದೇವ್ ದತ್ ಎಂಬ ಕಾರ್ಯನಿರ್ವಾಹಕ ಎಂಜಿನಿಯರರಿಗೆ ಬಡ್ತಿ ಸಿಗಬೇಕಾದರೆ ಐದು ವರ್ಷಗಳ ಗೋಪ್ಯ ವರದಿಯಲ್ಲಿ 'ವೆರಿ ಗುಡ್' ಇರಬೇಕಾಗಿತ್ತು. 1993-94ರ ವರದಿಯಲ್ಲಿ ಅವರಿಗೆ 'ಗುಡ್' ಎಂದು ಬರೆಯಲಾಗಿತ್ತು. ಬಡ್ತಿ ತಪ್ಪಿತು. ಆ ನಮೂದನ್ನು ಅವರಿಗೆ ತಿಳಿಸಿರಲಿಲ್ಲ, ಏಕೆಂದರೆ ಪ್ರತಿಕೂಲ ನಮೂದನ್ನು ಮಾತ್ರ ತಿಳಿಸಬೇಕೆಂಬ ನಿಯಮವಿತ್ತು. 'ಗುಡ್' ಎಂಬುದು ಪ್ರತಿಕೂಲವಲ್ಲ ಎಂಬುದು ಸರಕಾರದ ವಾದವಾಗಿತ್ತು.

2008ರ ಮೇ 12ರಂದು ನ್ಯಾಯಾಲಯವು ಆ ವಾದವನ್ನು ಒಪ್ಪಲಿಲ್ಲ. 'ವೆರಿ ಗುಡ್' ಅವಶ್ಯವಿರುವಲ್ಲಿ 'ಗುಡ್' ಎಂಬುದೂ ಪ್ರತಿಕೂಲವೇ ಆಗುತ್ತದೆ, ಪದದ ಹೆಸರಿಗಿಂತ ಅದರ ಪರಿಣಾಮವೇ ಮುಖ್ಯ, ಆದ್ದರಿಂದ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಿ ಆಕ್ಷೇಪಣೆಗೆ ಅವಕಾಶ ನೀಡಬೇಕು ಎಂದಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಇದೇ ನಿಲುವನ್ನು ಎತ್ತಿಹಿಡಿಯಿತು. ಈ ತೀರ್ಪುಗಳು ಸರಕಾರಿ ಸೇವೆಗೆ ಸಂಬಂಧಿಸಿದವು, ಖಾಸಗಿ ಅಂಗಡಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅವುಗಳ ಹಿಂದಿನ ವಿವೇಕ ಎಲ್ಲ ಮಾಲೀಕರಿಗೂ ಸಲ್ಲುತ್ತದೆ. ಒಂದು ಪದದಿಂದ ಮನುಷ್ಯನನ್ನು ತೂಗುವುದಾದರೆ ತಕ್ಕಡಿಯನ್ನು ಅವನಿಗೂ ತೋರಿಸಬೇಕು.

ಕಾನೂನು ವಿಶೇಷಣದಿಂದ ಅಂಕಿಗೆ ಬಂದ ದಾರಿ

ಕಾರ್ಮಿಕ ಕಾನೂನಿನಲ್ಲಿಯೂ ಇದೇ ಪಾಠವಿದೆ. 1946ರ ಔದ್ಯೋಗಿಕ ನೇಮಕಾತಿ ಸ್ಥಾಯೀ ಆದೇಶಗಳ ಕಾಯಿದೆಯಡಿ ಕೇಂದ್ರ ಸರಕಾರವು ರೂಪಿಸಿದ್ದ ಮಾದರಿ ಆದೇಶಗಳಲ್ಲಿ ತಡವಾಗಿ ಬರುವುದಷ್ಟೇ ದುರ್ನಡತೆಯಾಗಿರಲಿಲ್ಲ, 'ಹ್ಯಾಬಿಚುಯಲ್' ಅಂದರೆ ರೂಢಿಗತವಾಗಿ ತಡವಾಗಿ ಬರುವುದು ದುರ್ನಡತೆಯಾಗಿತ್ತು. ಆ ಒಂದು ವಿಶೇಷಣವನ್ನು ಸಾಬೀತುಪಡಿಸಲು ಹಾಜರಿಯ ದಾಖಲೆ ಬೇಕೇ ಬೇಕು. ಗೈರುಹಾಜರಿಯ ವಿಷಯದಲ್ಲಿ ಆ ಆದೇಶಗಳು ವಿಶೇಷಣದ ಪಕ್ಕದಲ್ಲಿಯೇ 10 ದಿನಗಳಿಗಿಂತ ಹೆಚ್ಚು ಎಂಬ ಅಂಕಿಯನ್ನೂ ಇಟ್ಟಿದ್ದವು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆಯು ಆ ಹಳೆಯ ಕಾಯಿದೆಯ ಸ್ಥಾನವನ್ನು ಪಡೆಯಿತು. ಸ್ಥಾಯೀ ಆದೇಶಗಳು ದೊಡ್ಡ ಸ್ಥಾಪನೆಗಳಿಗೆ ಸಂಬಂಧಿಸಿದವು ನಿಜ. ಆದರೆ ದಿನಾಂಕ, ಸಮಯ, ಕೃತ್ಯಗಳಿಲ್ಲದ ಅಸ್ಪಷ್ಟ ಆರೋಪಪತ್ರವು ವಿಚಾರಣೆಯಲ್ಲಿ ನಿಲ್ಲುವುದು ಕಷ್ಟವೆಂಬುದು ಸಣ್ಣ ಘಟಕಗಳಿಗೂ ತಿಳಿದಿರಬೇಕಾದ ಸಂಗತಿ.

ಸಣ್ಣ ತಯಾರಕರು ತಮಗೆ ಅನುಕೂಲವಾದ ಇನ್ನೊಂದು ಉದಾಹರಣೆಯನ್ನು ಈಗಾಗಲೇ ಕಂಡಿದ್ದಾರೆ. ಮಾಲು ಕೊಟ್ಟ ಮೇಲೆ 'ಪ್ರಾಂಪ್ಟ್ ಪೇಮೆಂಟ್' ಎಂಬ ಆಶ್ವಾಸನೆಯನ್ನು ನಂಬಿ ಆರು ತಿಂಗಳು ಕಾದವರು ಕಡಿಮೆಯಿಲ್ಲ. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯಿದೆಯು 'ಪ್ರಾಂಪ್ಟ್' ಎಂಬ ಪದವನ್ನು ಅವಲಂಬಿಸಲಿಲ್ಲ. ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉದ್ಯಮಕ್ಕೆ ಖರೀದಿದಾರನು ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕೆಂದು ವಿಧಿಸಿತು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯಿದೆಯು ಆದಾಯ ತೆರಿಗೆಯ 43ಬಿ ಕಲಮಿಗೆ ಹೊಸ ಉಪಬಂಧ ಸೇರಿಸಿ, ಈ ಅವಧಿ ಮೀರಿದ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ಪರಿಗಣಿಸುವಂತೆ ಮಾಡಿತು. ದೊಡ್ಡ ಖರೀದಿದಾರರ ಲೆಕ್ಕ ವಿಭಾಗಗಳು ಎಚ್ಚೆತ್ತದ್ದು ವಿಶೇಷಣದಿಂದಲ್ಲ, ಅಂಕಿಯಿಂದ.

'ಸಣ್ಣ' ಎಂಬ ಪದವೇ ಅಂಕಿಯಾಗಿದೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ವ್ಯಾಖ್ಯೆಯ ಪ್ರಕಾರ ಯಂತ್ರೋಪಕರಣಗಳ ಹೂಡಿಕೆ 25 ಕೋಟಿ ರೂಪಾಯಿ ಮತ್ತು ವಾರ್ಷಿಕ ವಹಿವಾಟು 100 ಕೋಟಿ ರೂಪಾಯಿ ಮೀರದ ಉದ್ಯಮವು ಸಣ್ಣದು. ತಮ್ಮ ಘಟಕವು ಸಣ್ಣದೋ ಅಲ್ಲವೋ ಎಂಬುದನ್ನು ಬೇರೆಯವರ ಅಭಿಪ್ರಾಯಕ್ಕೆ ಬಿಡಲು ಯಾವ ಉದ್ಯಮಿಯೂ ಒಪ್ಪಲಾರರು. ತಮ್ಮ ಕೆಲಸಗಾರನ ವಿಷಯದಲ್ಲಿಯೂ ಇದೇ ನ್ಯಾಯವನ್ನು ಪಾಲಿಸುವುದು ಉಚಿತ.

ಎರಡು ಆಕ್ಷೇಪಗಳು

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಹತ್ತು ಜನರ ಘಟಕದಲ್ಲಿ ಇಷ್ಟೆಲ್ಲ ಬರವಣಿಗೆ ಏಕೆ, ಎಲ್ಲವನ್ನೂ ಕನ್ನಡದಲ್ಲಿ ಬಾಯಿಯಿಂದಲೇ ಹೇಳಿದರಾಯಿತಲ್ಲ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಬಾಯಿಮಾತಿನಲ್ಲಿ ಮುಗಿಯುವುದನ್ನು ಕಾಗದಕ್ಕೆ ತರಬಾರದು. ಆದರೆ ಭವಿಷ್ಯ ನಿಧಿ, ಕಾರ್ಮಿಕ ರಾಜ್ಯ ವಿಮೆ, ಗ್ರಾಚುಯಿಟಿ, ಕೆಲಸ ಬಿಡುವಾಗಿನ ಪ್ರಮಾಣಪತ್ರ ಇವು ಯಾವ ಕಾಲಕ್ಕೂ ಕಾಗದದ ವ್ಯವಹಾರಗಳು. ವ್ಯಾಜ್ಯ ಬಂದ ದಿನ ಬಾಯಿಮಾತು ಸಾಕ್ಷಿಯಾಗಿ ಉಳಿಯುವುದಿಲ್ಲ, ಕಾಗದ ಉಳಿಯುತ್ತದೆ. ಅಂದು ಅದರಲ್ಲಿ ದಿನಾಂಕಗಳಿರಬೇಕು, ಬರಿಯ ಬೈಗುಳವಿದ್ದರೆ ಅದು ಮಾಲೀಕನ ವಿರುದ್ಧವೇ ನಿಲ್ಲುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಮನುಷ್ಯನನ್ನು ಅಂಕಿಗಳಿಗೆ ಇಳಿಸಿದರೆ ಸಂಬಂಧವೇ ಒಣಗುವುದಿಲ್ಲವೇ? ಒಣಗುತ್ತದೆ, ಸಂದೇಹವಿಲ್ಲ. ಹಾಜರಿಯ ಅಂಕಿಯು ಬಸ್ಸು ಕೆಟ್ಟ ದಿನವನ್ನು ಹೇಳುವುದಿಲ್ಲ, ಮಗಳ ಜ್ವರವನ್ನು ಹೇಳುವುದಿಲ್ಲ. ಆದುದರಿಂದ ಅಂಕಿಯನ್ನು ತೋರಿಸಿದ ಮೇಲೆ ಕಾರಣವನ್ನು ಕೇಳಲೇಬೇಕು. ಹೊಗಳಿಕೆಗೆ ಅಂಕಿಯ ಅವಶ್ಯಕತೆಯೂ ಇಲ್ಲ. ಒಳ್ಳೆಯ ಕೆಲಸ ಕಂಡಾಗ 'ಶಾಭಾಸ್' ಎನ್ನಲು ಯಾವ ತಃಖ್ತೆಯೂ ಬೇಡ, ಆ ಪದವು ಈ ಭಾಗದ ಎಲ್ಲ ಭಾಷೆಗಳಿಗೂ ಪರಿಚಿತವಾದುದು. ವಿಶೇಷಣವನ್ನು ಹೊಗಳುವಾಗ ಧಾರಾಳವಾಗಿಯೂ ತೆಗಳುವಾಗ ಜಿಪುಣತನದಿಂದಲೂ ಬಳಸುವುದು ನಷ್ಟವಿಲ್ಲದ ವ್ಯವಹಾರ.

ಮಾಡಬಹುದಾದುದು

ಈ ಹಿನ್ನೆಲೆಯಲ್ಲಿ ಸದಸ್ಯರು ಕೆಲವು ಸರಳ ಕ್ರಮಗಳನ್ನು ಅನುಸರಿಸಬಹುದು. ಮೊದಲನೆಯದಾಗಿ, ವಿಶೇಷಣವನ್ನು ಕೆಲಸಕ್ಕೆ ಜೋಡಿಸಬೇಕು, ಕೆಲಸಗಾರನಿಗಲ್ಲ. 'ನೀವು ಬೇಜವಾಬ್ದಾರಿ' ಎಂಬುದರ ಬದಲು 'ಈ ತಿಂಗಳ 4, 9, 17 ಮತ್ತು 22ನೆಯ ತಾರೀಖು ತಾವು ಅರ್ಧ ಗಂಟೆ ತಡವಾಗಿ ಬಂದಿರಿ, 17ರಂದು ಮೋಟಾರು ಚಾಲೂ ಉಳಿದಿತ್ತು, ಕಾರಣ ತಿಳಿಸಿರಿ' ಎಂದು ಬರೆದರೆ ಓದುವವನು ತಿದ್ದಿಕೊಳ್ಳಲು ದಾರಿಯಿರುತ್ತದೆ. ಎರಡನೆಯದಾಗಿ, ಮೆಮೊ ಮತ್ತು ನೋಟಿಸುಗಳನ್ನು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲಿಯೂ, ಅವಶ್ಯವಿದ್ದಲ್ಲಿ ಮರಾಠಿ ಅಥವಾ ಉರ್ದುವಿನಲ್ಲಿಯೂ ಕೊಡಬೇಕು. ಗೌರವದ ಬಹುವಚನವನ್ನು ಅನುವಾದಕನ ಮರ್ಜಿಗೆ ಬಿಡದೆ ಮಾಲೀಕರೇ ನಿರ್ಧರಿಸಬೇಕು. ಮೂರನೆಯದಾಗಿ, ವಾರ್ಷಿಕ ಮೌಲ್ಯಮಾಪನದಲ್ಲಿ 'ಗುಡ್', 'ಆವರೇಜ್', 'ಪೂರ್' ಎಂಬ ಕಾಲಮುಗಳಿದ್ದರೆ ಪ್ರತಿಯೊಂದರ ಅರ್ಥವನ್ನು ಅದೇ ಹಾಳೆಯಲ್ಲಿ ಒಂದು ಸಾಲಿನಲ್ಲಿ ಬರೆದು ನೌಕರನಿಗೆ ತೋರಿಸಿ ಸಹಿ ಪಡೆಯಬೇಕು. ನಾಲ್ಕನೆಯದಾಗಿ, ತಪ್ಪು ನಡೆದಾಗ ಕೆಲಸಗಾರನನ್ನು ಕರೆಯುವ ಮೊದಲು ಆತನಿಗೆ ಕೊಟ್ಟ ಸೂಚನೆಯನ್ನು ಒಮ್ಮೆ ಓದಬೇಕು.

ವಾಣಿಜ್ಯ ಮಂಡಳಿಯೂ ಇದರಲ್ಲಿ ಪಾತ್ರ ವಹಿಸಬಹುದು. ತೆರಿಗೆಯ ಬಗ್ಗೆ ವರ್ಷವರ್ಷವೂ ಕಾರ್ಯಾಗಾರಗಳು ನಡೆಯುತ್ತವೆ. ಮೇಲ್ವಿಚಾರಕರಿಗೂ ಗುಮಾಸ್ತರಿಗೂ ಒಂದು ದಿನದ ಪತ್ರವ್ಯವಹಾರ ಶಿಬಿರವನ್ನು ಹುಮನಾಬಾದಿನಲ್ಲಿ ಒಮ್ಮೆ, ಬಸವಕಲ್ಯಾಣದಲ್ಲಿ ಒಮ್ಮೆ ಏರ್ಪಡಿಸಿ, ನೋಟಿಸು, ಮೌಲ್ಯಮಾಪನ, ಅನುಭವ ಪತ್ರಗಳ ದ್ವಿಭಾಷಾ ನಮೂನೆಗಳನ್ನು ಸಿದ್ಧಪಡಿಸಿ ಹಂಚಿದರೆ ಅದರ ಖರ್ಚು ಅತ್ಯಲ್ಪ. ತಾಲೂಕಿನ ಕಾಲೇಜುಗಳ ಕನ್ನಡ ಮತ್ತು ಇಂಗ್ಲಿಷ್ ಅಧ್ಯಾಪಕರ ನೆರವನ್ನು ಕೋರಬಹುದು. ವ್ಯಾಪಾರಕ್ಕೂ ವ್ಯಾಕರಣಕ್ಕೂ ಸಂಬಂಧವಿಲ್ಲವೆಂದು ಭಾವಿಸಿದ ಅಧ್ಯಾಪಕರಿಗೂ ಅದರಿಂದ ಲಾಭವಾದೀತು.

ಕಲ್ಯಾಣದ ನೆಲಕ್ಕೆ ಹೆಸರಿನ ಹಿಂದೆ ಒಂದು ಪದವನ್ನು ಇಡುವ ಹಳೆಯ ರೂಢಿಯಿದೆ. 12ನೆಯ ಶತಮಾನದಲ್ಲಿ ಬೇರೆ ಬೇರೆ ಸೀಮೆಗಳಿಂದ, ಬೇರೆ ಬೇರೆ ಕಸುಬುಗಳಿಂದ ಬಂದು ಇಲ್ಲಿ ಕೂಡಿದ ಶರಣರನ್ನು ಇಂದಿಗೂ ಜನರು ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ ಎಂದು ಕರೆಯುತ್ತಾರೆ. ವ್ಯಾಕರಣದ ದೃಷ್ಟಿಯಿಂದ ಅವೂ ವಿಶೇಷಣಗಳೇ. ಅವು ಆ ವ್ಯಕ್ತಿ ಒಳ್ಳೆಯವನೋ ಕೆಟ್ಟವನೋ, ಚುರುಕೋ ಮಂದನೋ ಎಂದು ಹೇಳುವುದಿಲ್ಲ, ಆತನು ಮಾಡುವ ಕಾಯಕವನ್ನು ಹೇಳುತ್ತವೆ. ಬರುವ ಮಾರ್ಚ್ ಕೊನೆಯಲ್ಲಿ ಸಂಬಳ ಏರಿಕೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂಡುವ ಮಾಲೀಕರು, ಪ್ರತಿಯೊಂದು ಹೆಸರಿನ ಎದುರು ತಾವು ಬರೆಯಲಿರುವ ಪದವು ಆತನ ಕೆಲಸವನ್ನು ಹೇಳುತ್ತದೆಯೋ, ತಮ್ಮ ಅಂದಿನ ಸಿಟ್ಟನ್ನು ಹೇಳುತ್ತದೆಯೋ ಎಂದು ಒಮ್ಮೆ ವಿಚಾರಿಸಿ ಬರೆಯುವುದು ಸೂಕ್ತ.